ಆಗದು ಎಂಬ ವಿದ್ಯೆ

ಮನುಷ್ಯನು ಈ ಲೋಕದಲ್ಲಿ ಕಲಿಯಬೇಕಾದ ವಿದ್ಯೆಗಳು ಅನೇಕವಾಗಿವೆ. ಓದುಬರಹಕ್ಕೆ ಐದಾರು ವರುಷಗಳಾದರೂ ಬೇಕು. ಮಗ್ಗದ ಕೆಲಸಕ್ಕೆ ಅದಕ್ಕಿಂತಲೂ ಹೆಚ್ಚು ಬೇಕು. ಎರೆಯ ಹೊಲದಲ್ಲಿ ಕೂರಿಗೆಯನ್ನು ನೆಟ್ಟಗೆ ಹಿಡಿಯುವದಕ್ಕೆ ತಂದೆಯ ಹಿಂದೆ ಎಷ್ಟೋ ಹಂಗಾಮು ನಡೆಯಬೇಕು. ಆದರೆ ಒಂದು ವಿದ್ಯೆಯುಂಟು. ಅದಕ್ಕೆ ಶಾಲೆ ಬೇಡ, ಗುರು ಬೇಡ, ಬಂಡವಾಳವಂತೂ ಒಂದು ಕಾಸೂ ಬೇಡ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಯಾವ ಊರಿಗೆ ಹೋದರೂ ಅಗಸಿಯ ಕಟ್ಟೆಯ ಮೇಲೆ ಅದರಲ್ಲಿ ಪಾರಂಗತರಾದ ಒಬ್ಬಿಬ್ಬರು ಕೂತಿರುವರು. ಆಗದು ಎಂಬದೇ ಆ ವಿದ್ಯೆ. ನಮ್ಮ ಸೀಮೆಯ ಮಾತಿನಲ್ಲಿ ಹೇಳುವದಾದರೆ, "ಆಗೂದಿಲ್ಲ ಬಿಡು." ಈ ವಿದ್ಯೆಯಲ್ಲಿ ಹೊಸದಾಗಿ ಸೇರಬೇಕೆನ್ನುವವರಿಗೆ ಉಪಯೋಗವಾಗಲೆಂದೂ, ಹಳಬರು ತಮ್ಮಲ್ಲಿ ಏನಾದರೂ ಕಡಿಮೆಯಿದ್ದರೆ ತುಂಬಿಕೊಳ್ಳಲೆಂದೂ ಅದರ ಕೆಲವು ಸೂತ್ರಗಳನ್ನು ಇಲ್ಲಿ ಬರೆಯುತ್ತೇವೆ. ವಾಚಕರು ತಾಳ್ಮೆಯಿಂದ ಓದಬೇಕು.

ಮೊದಲು ಹೊತ್ತು ನೋಡುವದನ್ನು ಕಲಿಯಬೇಕು. ಸಂತೋಷವೆಂಬದು ಈಗ ತಾನೇ ಹತ್ತಿಸಿದ ದೀಪದಂತಿದೆ. ಬತ್ತಿಯು ಎಣ್ಣೆಯನ್ನು ಹೀರಿಕೊಳ್ಳುವದಕ್ಕೆ ಮುಂಚೆಯೇ ಊದಬೇಕು. ನೆರೆಮನೆಯ ಹುಡುಗನು ಹತ್ತನೆಯ ಇಯತ್ತೆಯಲ್ಲಿ ತೇರ್ಗಡೆಯಾಗಿ ಪೇಢೆ ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬಂದನೆನ್ನಿರಿ. ಪೇಢೆಯನ್ನು ಬಿಡಬಾರದು, ಬಾಯಿಗೆ ಹಾಕಿಕೊಳ್ಳಿರಿ. ನುಂಗಿದ ಕೂಡಲೆ, "ಪಾಸಾದ್ರ ಏನಾತೋ ತಮ್ಮಾ, ನೌಕರಿ ಎಲ್ಲಿ ಕುಂತಾವ?" ಅನ್ನಿರಿ. ಒಬ್ಬನು ಸಾಲ ಮಾಡಿ ಒಂದು ಜೋಡಿ ಎತ್ತು ತಂದು ಕಟ್ಟಿದ್ದಾನೆ. ಅವನ ಹೆಂಡತಿಯು ಅವಕ್ಕೆ ಅರಿಷಿಣ ಕುಂಕುಮ ಹಚ್ಚುತ್ತಿದ್ದಾಳೆ. ಆಗ ಹತ್ತಿರ ಹೋಗಿ ಸುತ್ತಲೂ ಒಂದು ಸಾರಿ ತಿರುಗಿ, "ಸುಳಿ ನೋಡಿ ತಂದಿ ಹೌದಲ್ಲೋ ಅಣ್ಣಾ?" ಎಂದು ಕೇಳಿ ಸುಮ್ಮನಾಗಿರಿ. ಇಲ್ಲಿ ಮಾತಿಗಿಂತ ಮೌನವೇ ಹೆಚ್ಚು ಕೆಲಸ ಮಾಡುವದು. ಆ ಮನುಷ್ಯನು ಆ ರಾತ್ರಿ ಕಂದೀಲು ಹಿಡಿದು ಎತ್ತಿನ ಮೈಯೆಲ್ಲಾ ಹುಡುಕುವನು. ಹೊಸ ಮನೆಗೆ ಹೋದರೆ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುವದು ಈ ವಿದ್ಯೆಯವರ ಸಂಪ್ರದಾಯ. ಜಡ್ಡಿನವರ ಮನೆಗೆ ಹೋದರೆ ಬರಿಗೈಯಲ್ಲಿ ಹೋಗಬಾರದು. ಅದೇ ಜಡ್ಡಿನಿಂದ ಸತ್ತವರ ಹೆಸರುಗಳನ್ನು ಮೂರು ನಾಲ್ಕಾದರೂ ಒಯ್ಯಬೇಕು. "ನಮ್ಮ ಬೀಗರೂರಾಗ ಒಬ್ಬಾಂವಗ ಹಿಂಗ ಆಗಿತ್ರಿ, ಹದಿನೈದು ದಿವಸ ಉಳಿಲಿಲ್ಲ ನೋಡ್ರಿ" ಎಂಬ ಮಾತು ಕಿತ್ತಳೆ ಹಣ್ಣಿಗಿಂತ ಅಗ್ಗ, ಮತ್ತು ರೋಗಿಯ ಹೊಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಕಾಲ ನಿಲ್ಲುವದು.

ಆದರೆ ಇವೆಲ್ಲಾ ಮಕ್ಕಳ ಪಾಠಗಳು. ಈ ವಿದ್ಯೆಯಲ್ಲಿ ನಿಜವಾದ ಹೆಸರು ಗಳಿಸಬೇಕೆನ್ನುವವನು ಮಳೆಯ ಮಾತನ್ನು ಹಿಡಿಯಬೇಕು. ಯಾಕಂದರೆ ನಮ್ಮ ಸೀಮೆಯಲ್ಲಿ ಇದರಷ್ಟು ಭದ್ರವಾದ ವ್ಯಾಪಾರ ಮತ್ತೊಂದಿಲ್ಲ. ಮುಂಗಾರಿಗೆ ಹೆಸರು ಹಾಕಿದವನಿಗೆ, "ಮಿರಗಾ ಕೈ ಕೊಡತೈತಿ" ಅನ್ನಬೇಕು. ಹಿಂಗಾರಿಗೆ ಬಿಳಿಜೋಳವನ್ನೂ ಕಡಲೆಯನ್ನೂ ಬಿತ್ತಬೇಕೆಂದು ಉತ್ತರಿ ಮಳೆಯ ದಾರಿ ಕಾಯುವವನಿಗೆ, "ಹಸ್ತಿ ಹೋದ ಮ್ಯಾಲೆ ಬಿತ್ತಿದ್ರ ಕಣಕಿನೂ ಸಿಗೂದಿಲ್ಲ" ಅನ್ನಬೇಕು. ಮಳೆ ಹೋಯಿತೆಂದರೆ ನೀವು ಕಾಲಜ್ಞಾನಿಗಳಾದಿರಿ. ಮಳೆ ಬಂತೆಂದರೆ? ಚಿಂತೆಯಿಲ್ಲ. ಮಳೆ ಬಂದ ದಿನ ಊರವರೆಲ್ಲರೂ ಹೊಲದಲ್ಲಿರುವರು. ನೀವು ಏನು ಹೇಳಿದ್ದಿರೆಂದು ನೆನಪಿಡುವದಕ್ಕೆ ಕಟ್ಟೆಯ ಮೇಲೆ ಒಬ್ಬರೂ ಇರುವದಿಲ್ಲ. ಹೀಗೆ ಈ ಲೆಕ್ಕದ ಪುಸ್ತಕದಲ್ಲಿ ಜಮೆಯ ಕಡೆ ಮಾತ್ರ ಬರೆಯುತ್ತಾರೆ, ಖರ್ಚಿನ ಕಡೆಯ ಹಾಳೆಯೇ ಇಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಕೊಣ್ಣೂರು, ಹೊಳೆಆಲೂರುಗಳ ಕಡೆಗೆ ನೀರು ನುಗ್ಗಿದಾಗ, ಬರ ಬರುತ್ತದೆಂದು ಹೇಳುತ್ತಿದ್ದವರು ನಾಚಿಕೊಂಡರೆಂದು ತಿಳಿಯಬೇಡಿರಿ. ಈ ವಿದ್ಯೆಯಲ್ಲಿ ಬರವೂ ನೆರೆಯೂ ಒಂದೇ ಮನೆಯ ಮಕ್ಕಳು. ಯಾವದು ಬಂದರೂ "ನಾ ಅಂದಿದ್ನೆಲ್ಲ" ಎಂಬ ಒಂದೇ ಮಾತು ಸಾಕಾಗುವದು. ಗಜೇಂದ್ರಗಡದ ಗುಡ್ಡಗಳ ಮೇಲೆ ಈಗ ಗಾಳಿಯಿಂದ ವಿದ್ಯುತ್ತನ್ನು ಹುಟ್ಟಿಸುವ ದೊಡ್ಡ ಯಂತ್ರಗಳು ತಿರುಗುತ್ತಿವೆ. ಅವುಗಳನ್ನು ತೋರಿಸಿ, "ಈ ಫ್ಯಾನಿನ ಸಲುವಾಗಿನ ಮೋಡ ಓಡಿ ಹೊಕ್ಕಾವು" ಎಂದು ಹೇಳುವದೂ ಪಾಠದಲ್ಲಿ ಸೇರಿದೆ. ಬೆಟ್ಟದ ಮೇಲಿನ ಒಂದು ಕಂಬವು ಸಾವಿರಾರು ಅಡಿ ಮೇಲಿರುವ ಮಳೆಮೋಡವನ್ನು ಬೀಸಿ ಓಡಿಸಲಾರದೆಂದು ಯಾರಾದರೂ ವಿವರಿಸಿದರೆ, ಅವನಿಗೆ ಓದು ಹೆಚ್ಚಾಗಿದೆಯೆಂದು ಹೇಳಿ ಎದ್ದು ಹೋಗಬೇಕು.

ಇಲ್ಲಿಯ ತನಕ ನಕ್ಕ ವಾಚಕರು ಈಗ ಒಂದು ಕ್ಷಣ ನಿಂತು ನಮ್ಮನ್ನು ಕೇಳಬಹುದು: ಅಯ್ಯಾ, ಆ ಕಟ್ಟೆಯ ಮೇಲಿನವನು ಹೇಳುವದು ಬಹಳ ಸಾರಿ ನಿಜವೇ ಆಗುತ್ತದಲ್ಲಾ, ನಿಜ ಹೇಳುವವನನ್ನು ಹಾಸ್ಯ ಮಾಡುವದು ಯಾವ ನ್ಯಾಯ? ಇದು ಸಣ್ಣ ಪ್ರಶ್ನೆಯಲ್ಲ, ನಮ್ಮ ಸೀಮೆಯಲ್ಲಂತೂ ಅಲ್ಲ. 1876ರಿಂದ 78ರ ವರೆಗಿನ ಮಹಾಬರದಲ್ಲಿ ಧಾರವಾಡ ಸೀಮೆಯ ಊರುಗಳು ಏನು ಅನುಭವಿಸಿದವೆಂಬದನ್ನು ಹಿರಿಯರ ಹಿರಿಯರು ಹೇಳಿ ಹೋಗಿದ್ದಾರೆ. ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು? 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರವು ಸಾರಬೇಕಾಯಿತು. ಆ ವರುಷ ಮಳೆ ಹೋಗುವದೆಂದು ಹೇಳಿದವನು ಸುಳ್ಳುಗಾರನಲ್ಲ. ಹಾಗಾದರೆ ಅವನ ದೋಷವೇನು?

ನಾವು ಈ ಪ್ರಶ್ನೆಯನ್ನು ಬಹಳ ಆಲೋಚಿಸಿದ್ದೇವೆ. ನಮಗೆ ತೋರುವದೇನಂದರೆ, ಮಾತು ನಿಜವೋ ಸುಳ್ಳೋ ಎಂದು ಮಾತ್ರ ಕೇಳಿದರೆ ಈ ಗಂಟು ಬಿಚ್ಚುವದಿಲ್ಲ. ಆ ಮಾತಿನ ಹಿಂದೆ ಹೇಳಿದವನು ಏನನ್ನು ಇಟ್ಟಿದ್ದಾನೆಂದು ಕೇಳಬೇಕು. ಬಿತ್ತುವವನೂ ಮಳೆಯ ವಿಷಯದಲ್ಲಿ ಒಂದು ಮಾತು ಹೇಳುತ್ತಾನೆ. ಆದರೆ ಬಾಯಿಂದಲ್ಲ, ಬೀಜದಿಂದ. ಅವನು ಬೀಜವನ್ನೂ ಗೊಬ್ಬರವನ್ನೂ ಕೂಲಿಯನ್ನೂ ಎರಡು ತಿಂಗಳ ನಿದ್ದೆಯನ್ನೂ ಆ ಮಾತಿನ ಮೇಲೆ ಇಡುತ್ತಾನೆ. ಮಾತು ತಪ್ಪಿದರೆ ಅವನು ಕಳಕೊಳ್ಳುತ್ತಾನೆ. ಕಟ್ಟೆಯ ಮೇಲಿನವನು ತನ್ನ ಮಾತಿನ ಮೇಲೆ ಏನೂ ಇಟ್ಟಿರುವದಿಲ್ಲ. ಇದಕ್ಕೆ ಒಂದು ಪರೀಕ್ಷೆಯುಂಟು. ಯಾರು ಬೇಕಾದರೂ ಮಾಡಿ ನೋಡಬಹುದು. ಮಳೆ ಬರುವದೇ ಇಲ್ಲವೆಂದು ಊರಿಗೆಲ್ಲಾ ಸಾರಿದವನ ಹೊಲಕ್ಕೆ ಹೋಗಿ ನೋಡಿರಿ. ಹಸಿ ಬಿದ್ದ ಮರುದಿನ ಅವನೂ ಎಲ್ಲರ ಸಂಗಡ ಕೂರಿಗೆ ಹೂಡಿರುವನು! ಹಾಗಾದರೆ ಅವನು ತನ್ನ ಮಾತನ್ನು ತಾನೇ ನಂಬಲಿಲ್ಲ. ನಂಬದ ಮಾತನ್ನು ಬೇರೆಯವರಿಗೆ ಯಾಕೆ ಹೇಳಿದನು? ತನ್ನ ಮನಸ್ಸಿಗೆ ನಿರಾಶೆಯಾಗಬಾರದೆಂಬದಕ್ಕಾಗಿಯೇ. ಕೆಟ್ಟದ್ದನ್ನು ಮುಂಚಿತವಾಗಿ ಹೇಳಿಬಿಟ್ಟರೆ, ಅದು ಬಂದಾಗ ಮೋಸಹೋದವನ ಮುಖ ತನಗಿರದೆಂದು ಅವನು ಬಲ್ಲನು. ಇದು ಒಂದು ಬಗೆಯ ವಿಮೆ. ವಿಮೆ ಮಾಡಿಸುವದು ಪಾಪವಲ್ಲ. ಆದರೆ ಇದರ ಕಂತುಗಳನ್ನು ಕಟ್ಟುವವರು ಕೇಳುವ ಜನರು. ತನ್ನ ಎದೆಯ ನೆಮ್ಮದಿಗಾಗಿ ಅವನು ಹತ್ತು ಮನೆಗಳ ಎದೆಯಿಂದ ಒಂದೊಂದು ಹಿಡಿ ಧೈರ್ಯವನ್ನು ಎತ್ತಿಕೊಂಡು ಹೋಗುತ್ತಾನೆ.

ಸತ್ಯವೇದವನ್ನು ಓದುವ ನಮ್ಮ ಜನರಿಗೆ ಕಾನಾನ್ ದೇಶವನ್ನು ನೋಡಿಬರಲು ಮೋಶೆಯು ಕಳುಹಿಸಿದ ಹನ್ನೆರಡು ಮಂದಿಯ ವೃತ್ತಾಂತವು ಗೊತ್ತಿದ್ದದ್ದೇ. ಅದನ್ನು ನಾವು ಸಾಧಾರಣವಾಗಿ ಒಂದು ತಪ್ಪು ರೀತಿಯಲ್ಲಿ ಹೇಳುವದುಂಟು. ಹತ್ತು ಮಂದಿ ಸುಳ್ಳು ಹೇಳಿದರು, ಇಬ್ಬರು ನಿಜ ಹೇಳಿದರು ಎಂಬಂತೆ. ಕೋಟೆಗಳು ಇದ್ದದ್ದು ನಿಜ, ಎತ್ತರದ ಜನರು ಇದ್ದದ್ದೂ ನಿಜ. ಯೆಹೋಶುವನೂ ಕಾಲೇಬನೂ ಅವುಗಳನ್ನು ಇಲ್ಲವೆನ್ನಲಿಲ್ಲ. ಹನ್ನೆರಡು ಮಂದಿಯೂ ಒಂದೇ ದೇಶವನ್ನು, ಅದೇ ನಾಲ್ವತ್ತು ದಿನ ನೋಡಿ ಬಂದವರು. ದ್ರಾಕ್ಷೆಯ ಗೊಂಚಲನ್ನು ಹೊತ್ತುಕೊಂಡು ಬಂದವರು. ಆದರೆ ಹತ್ತು ಮಂದಿಯ ಮಾತು ಕೋಟೆಯ ಅಳತೆಯಲ್ಲಿ ನಿಲ್ಲಲಿಲ್ಲ. ತಾವು ಮಿಡತೆಗಳಂತೆ ಕಂಡೆವೆಂಬಲ್ಲಿಗೆ ಇಳಿಯಿತು. ಕೋಟೆ ಎತ್ತರವಾಗಿದೆ ಎಂಬದು ವರದಿ. ನೀವೆಲ್ಲಾ ಮಿಡತೆಗಳು ಎಂಬದು ವರದಿಯಲ್ಲ. ಅದು ಕೇಳುವವರ ಮೇಲೆ ಕೊಟ್ಟ ತೀರ್ಪು. ಆ ರಾತ್ರಿ ಪಾಳೆಯವೆಲ್ಲಾ ಅತ್ತಿತು. ಕೋಟೆಗಳು ಮಾತ್ರ ಹಿಂದೆ ಎಷ್ಟು ಎತ್ತರವಾಗಿದ್ದವೋ ಅಷ್ಟೇ ಇದ್ದವು.

ಈ ತೀರ್ಪು ಎಷ್ಟು ಬೆಲೆಯುಳ್ಳದ್ದೆಂದು ತಿಳಿಯಬೇಕಾದರೆ ರೋಣದಿಂದ ದೂರವಲ್ಲದ ಕಣಗಿನಹಾಳಕ್ಕೆ ಹೋಗಿ ಬರೋಣ. ಗದಗ ತಾಲೂಕಿನ ಈ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಒಕ್ಕಲಿಗರ ಸಹಕಾರಿ ಪತ್ತಿನ ಸಂಘವೊಂದು ಹುಟ್ಟಿತು. ಕರ್ನಾಟಕದಲ್ಲಿ ಈ ಬಗೆಯ ಸಂಘಗಳಿಗೆ ಅದೇ ಮೊದಲನೆಯದು. ಅದರ ಹಿಂದಿನ ವರುಷ, ಅಂದರೆ 1904ರಲ್ಲಿ, ಹಿಂದುಸ್ಥಾನದ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತ್ತು. ಆ ಕಾಯಿದೆಯ ಪ್ರಕಾರ ಹತ್ತು ಮಂದಿ ಕೂಡಿದರೆ ಸಂಘ ಕಟ್ಟಬಹುದಾಗಿತ್ತು. ಆದರೆ ಹಳ್ಳಿಯ ಸಂಘಕ್ಕೆ ಒಂದು ಕಠಿಣವಾದ ಶರ್ತವಿತ್ತು. ಅದನ್ನು ವಾಚಕರು ಗಮನವಿಟ್ಟು ಓದಬೇಕು. ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಅಂದರೆ, ಸಂಘವು ತೀರಿಸಲಾರದೆ ಹೋದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಪಾಲಿನ ಮಟ್ಟಿಗೆ ಮಾತ್ರವಲ್ಲ, ತನ್ನ ಸರ್ವಸ್ವದಿಂದ ಹೊಣೆಯಾಗಿದ್ದನು. ಜರ್ಮನಿ ದೇಶದಲ್ಲಿ ರೈಫೈಸನ್ ಎಂಬ ಗ್ರಾಮಾಧಿಕಾರಿಯು ಬಡ ಒಕ್ಕಲಿಗರಿಗಾಗಿ ಕಟ್ಟಿದ್ದ ಸಂಘಗಳ ಮಾದರಿಯೂ ಇದೇ. ಬಡವನ ಹತ್ತಿರ ಒತ್ತೆಯಿಡಲು ಬಂಗಾರವಿಲ್ಲ. ಆದಕಾರಣ ಅವನ ನೆರೆಯವನ ಭರವಸೆಯನ್ನೇ ಒತ್ತೆಯಾಗಿ ತೆಗೆದುಕೊಳ್ಳುವದು ಎಂಬದು ಅದರ ಒಳಗುಟ್ಟು.

ಈಗ ನಮ್ಮ ವಿದ್ಯೆಯವರು ಅಂಥ ಸಂಘದ ಮೊದಲನೆಯ ಕೂಟಕ್ಕೆ ಹೋದರೆ ಮಾಡಬೇಕಾದ ಕೆಲಸವು ಎಷ್ಟು ಸುಲಭವೆಂದು ನೋಡಿರಿ. ಭಾಷಣ ಮಾಡಬೇಕಾಗಿಲ್ಲ, ಸಾವುಕಾರನ ಪಕ್ಷ ಹಿಡಿಯಬೇಕಾಗಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಪಕ್ಕದವನ ಕಿವಿಯಲ್ಲಿ, "ಅಂವ ತಿರುಗಿ ಕೊಡ್ತಾನಂತಿಯೇನು ಕಾಕಾ? ಅವನಪ್ಪ ಎಂಥಾಂವ ಅಂತ ನಿನಗ ಗೊತ್ತಿಲ್ಲೇನು?" ಎಂದು ಒಂದು ಸಾರಿ ಅಂದರೆ ಸಾಕು. ಬೇರೆ ಕಡೆ ಈ ಮಾತು ಬರೀ ಮಾತು. ಇಲ್ಲಿ ಅದು ಬೊಕ್ಕಸಕ್ಕೆ ಹಾಕಿದ ಕನ್ನ. ಯಾಕಂದರೆ ಆ ಸಂಘದ ಬಂಡವಾಳವೆಲ್ಲಾ ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆಯೇ ಆಗಿತ್ತು. ಒಬ್ಬನು ಎದ್ದರೆ ಇನ್ನೊಬ್ಬನ ಹೊಣೆ ಹೆಚ್ಚುತ್ತದೆ. ಅದನ್ನು ನೋಡಿ ಮೂರನೆಯವನು ಏಳುತ್ತಾನೆ. ಕಡೆಗೆ, "ಇದು ಆಗೂದಿಲ್ಲ ಅಂತ ನಾ ಮೊದಲs ಅಂದಿದ್ದೆ" ಎಂಬವನು ಒಬ್ಬನೇ ಉಳಿಯುತ್ತಾನೆ. ಇಲ್ಲಿ ಒಂದು ಆಶ್ಚರ್ಯವಾದ ಸಂಗತಿಯನ್ನು ಕಾಣಬಹುದು. ಮಳೆಗೆ ನಾವು ಏನು ಅಂದರೂ ಅದು ಕೇಳುವದಿಲ್ಲ, ತನ್ನ ಹೊತ್ತಿಗೆ ಬರುತ್ತದೆ ಇಲ್ಲವೆ ಹೋಗುತ್ತದೆ. ಆದರೆ ಮನುಷ್ಯರ ಕೂಟದ ವಿಷಯದಲ್ಲಿ, ಆಗದು ಎಂಬ ಮಾತು ತನ್ನನ್ನು ತಾನೇ ನಿಜಮಾಡಿಕೊಳ್ಳುವದು. ಸಂಘ ಮುರಿಯುವದೆಂದು ಸಾಕಷ್ಟು ಜನರು ಹೇಳಿದರೆ ಸಂಘ ಮುರಿಯುತ್ತದೆ, ಮುರಿಸಿದವರು ಪ್ರವಾದಿಗಳೆನಿಸಿಕೊಳ್ಳುತ್ತಾರೆ. ಮಳೆಯ ವಿಷಯದಲ್ಲಿ ಕಲಿತ ನಾಲಗೆಯನ್ನು ಮನುಷ್ಯರ ಮೇಲೆ ಪ್ರಯೋಗಿಸುವದರಲ್ಲಿಯೇ ಈ ವಿದ್ಯೆಯ ವಿಷವೆಲ್ಲಾ ಇದೆ. ಕಣಗಿನಹಾಳದ ಒಕ್ಕಲಿಗರು ಆ ಹೊಣೆಯನ್ನು ಹೊತ್ತುಕೊಂಡರು. ಅವರ ಸಂಘ ನಿಂತಿತು, ಅದನ್ನು ನೋಡಿ ಬೇರೆ ಊರುಗಳಲ್ಲಿಯೂ ಸಂಘಗಳಾದವು. ಈಗ ನಮ್ಮ ಹಳ್ಳಿಗಳಲ್ಲಿ ಹತ್ತು ಹದಿನೈದು ಹೆಣ್ಣುಮಕ್ಕಳು ಕೂಡಿ ವಾರವಾರ ಹಣ ಕೂಡಿಸುವ ಸ್ವಸಹಾಯ ಸಂಘಗಳು ನಿಂತಿರುವದೂ ಇದೇ ತಳಹದಿಯ ಮೇಲೆ. ಅವರ ಬಾಗಿಲಲ್ಲಿ ನಿಂತು, "ಬಾಯಾರ ಕೂಡಿದ ಕೆಲಸ ಎಂದರೆ ಆದೀತs?" ಎಂದು ನಗುವ ಗಂಡಸರು ಹಿಂದೆ ಬಹಳವಿದ್ದರು. ಅವರಲ್ಲಿ ಕೆಲವರ ಮಗಳ ಮದುವೆಗೆ ಅದೇ ಸಂಘದಿಂದ ಸಾಲ ಬಂದದ್ದನ್ನು ಇಲ್ಲಿ ವಿಸ್ತಾರವಾಗಿ ಬರೆಯುವ ಅಗತ್ಯವಿಲ್ಲ.

ಹೀಗೆ ಬರೆದದ್ದನ್ನು ನೋಡಿ, ಹಾಗಾದರೆ ಎಲ್ಲಕ್ಕೂ "ಚಲೋ ಆಗತೈತಿ, ಚಲೋ ಆಗತೈತಿ" ಎಂದು ತಲೆಯಾಡಿಸುವದೇ ಸದ್ಗುಣವೆಂದು ನಾವು ಹೇಳುತ್ತೇವೆಂಬದಾಗಿ ಯಾರೂ ಎಣಿಸಬಾರದು. ಅದು ಇನ್ನೊಂದು ರೋಗ. ಫ್ರಾನ್ಸ್ ದೇಶದ ವಾಲ್ಟೇರನು 1759ರಲ್ಲಿ, ಎಲ್ಲವೂ ಒಳ್ಳೇದಕ್ಕಾಗಿಯೇ ನಡೆಯುತ್ತದೆಂದು ಹೇಳಿ ಹೇಳಿ ತಿರುಗುವ ಒಬ್ಬ ಪಂಡಿತನನ್ನು ಹಾಸ್ಯ ಮಾಡಿ ಒಂದು ಪುಸ್ತಕವನ್ನೇ ಬರೆದನು. ಅದಕ್ಕೆ ನಾಲ್ಕು ವರುಷ ಮುಂಚೆ ಲಿಸ್ಬನ್ ಪಟ್ಟಣವು ಭೂಕಂಪದಲ್ಲಿ ಕುಸಿದು ಸಾವಿರಾರು ಜನರು ಸತ್ತಿದ್ದರು. ಬೂದಿಯಲ್ಲಿ ಕೂತ ಯೋಬನ ಹತ್ತಿರ ಬಂದ ಗೆಳೆಯರು ದೇವರ ಪಕ್ಷವಾಗಿ ಎಷ್ಟೋ ಚಂದದ ಮಾತುಗಳನ್ನು ಆಡಿದರು; ಯೋಬನೋ ಕಹಿಯಾಗಿ ಗೋಳಿಟ್ಟನು. ಕಡೆಯಲ್ಲಿ ಗದರಿಕೆ ಯಾರಿಗಾಯಿತೆಂಬದನ್ನು ಓದಿ ನೋಡಿರಿ. ಗೋಳೂ ದೂರೂ ತಮ್ಮಷ್ಟಕ್ಕೆ ತಾವೇ ದೋಷಗಳಲ್ಲ. ಯೋಬನು ತನ್ನ ದೂರನ್ನು, ಉತ್ತರ ಕೊಡಬೇಕಾದವನ ಮುಂದೆಯೇ ಇಟ್ಟನು. ಕಟ್ಟೆಯವನು ತನ್ನ ದೂರನ್ನು, ಏನೂ ಮಾಡಲಾರದವರ ಮುಂದೆ ಇಡುತ್ತಾನೆ, ಮತ್ತು ಉತ್ತರ ಬಂದರೆ ಅವನಿಗೆ ಸಿಟ್ಟು ಬರುವದು.

ಈ ಭೇದವನ್ನು ನರಗುಂದದವರಿಗೆ ನಾವು ಕಲಿಸಬೇಕಾಗಿಲ್ಲ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆದ ಮೇಲೆ ಕಾಲುವೆಗಳು ಈ ಕಡೆಯ ಎರೆಯ ಭೂಮಿಗೆ ಬಂದವು. ಕಾಲುವೆಯ ಸಂಗಡ ಕರವೂ ಬಂತು. ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂಬ ಲೆಕ್ಕದಿಂದ ಹಾಕಿದ ಅಭಿವೃದ್ಧಿ ಕರವನ್ನು, ನೀರು ಸರಿಯಾಗಿ ಮುಟ್ಟದ ಹೊಲದವರಿಂದಲೂ, ನೀರು ನಿಂತು ಸವಳಾಗತೊಡಗಿದ ಹೊಲದವರಿಂದಲೂ ಕೇಳಿದರು. ಅದೇ ಕಾಲದಲ್ಲಿ ಹತ್ತಿಯ ಧಾರಣೆ ಬಿದ್ದುಹೋಗಿತ್ತು. ಆಗ ಈ ಒಕ್ಕಲಿಗರು ಕಟ್ಟೆಯ ಮೇಲೆ ಕೂತು ನಮ್ಮ ಹಣೆಬರಹ ಇಷ್ಟೇ ಎಂದು ಅನ್ನಬಹುದಾಗಿತ್ತು. ಈ ವಿದ್ಯೆಯ ಪ್ರಕಾರ ಅದೇ ಸರಿಯಾದ ನಡತೆ. ಅವರು ಹಾಗೆ ಮಾಡದೆ ಸಂಘಟನೆ ಕಟ್ಟಿಕೊಂಡು, ಬೇಡಿಕೆಗಳನ್ನು ಬರೆದು, ಸರಕಾರದ ಕಚೇರಿಯ ಮುಂದೆಯೇ ಹೋಗಿ ಕೂತರು. 1980ರ ಜುಲೈ 21ರಂದು ನರಗುಂದದಲ್ಲಿಯೂ ನವಲಗುಂದದಲ್ಲಿಯೂ ಗಲಭೆಯಾಗಿ ಗುಂಡು ಹಾರಿತು. ರೈತರು ಸತ್ತರು, ಗುಂಪಿನ ಸಿಟ್ಟಿಗೆ ಪೊಲೀಸರೂ ಬಲಿಯಾದರು. ಆ ದಿನದಲ್ಲಿ ನಡೆದದ್ದೆಲ್ಲಾ ಸರಿಯೆಂದು ಹೇಳುವದಕ್ಕೆ ನಮಗೆ ಮನಸ್ಸಿಲ್ಲ. ಸತ್ತ ಪೊಲೀಸನ ಮನೆಯಲ್ಲಿಯೂ ಅಳುವವರಿದ್ದರು. ಆದರೂ ಆ ಒಕ್ಕಲಿಗರ ದೂರು ದೂರೇ ಆಗಿತ್ತು, ಹಳಹಳಿಕೆಯಾಗಿರಲಿಲ್ಲ. ಅದಕ್ಕೆ ವಿಳಾಸವಿತ್ತು, ಅದರಲ್ಲಿ ಇಂಥದ್ದು ಬೇಕೆಂಬ ಮಾತಿತ್ತು, ಆ ಮಾತಿಗೆ ಬೆಲೆ ಕೊಡಬೇಕಾಗಿ ಬಂದಾಗ ಹೇಳಿದವರೇ ಕೊಟ್ಟರು. ಅಲ್ಲಿಂದ ನಾಡಿನ ತುಂಬ ರೈತರ ಚಳುವಳಿ ಹಬ್ಬಿತು, ಮತ್ತು 1983ರ ಚುನಾವಣೆಯಲ್ಲಿ ಆಗಿನ ಸರಕಾರವು ಬಿದ್ದುಹೋದದ್ದಕ್ಕೆ ಇದೂ ಒಂದು ಕಾರಣವೆಂದು ತಿಳಿದವರು ಹೇಳುತ್ತಾರೆ. ಜುಲೈ 21ನ್ನು ಅಲ್ಲಿಯ ಜನರು ಈಗಲೂ ಹುತಾತ್ಮರ ದಿನವಾಗಿ ಆಚರಿಸುತ್ತಾರೆ. 2015ರ ಜುಲೈಯಲ್ಲಿ ಮಹಾದಾಯಿಯ ನೀರಿಗಾಗಿ ಅದೇ ಊರಿನಲ್ಲಿ ಮತ್ತೆ ಧರಣಿ ಕೂತಾಗ, ನೂರು ದಿನಗಳಾದ ಮೇಲೂ ಏಳದ ಆ ಜನರನ್ನು ನೋಡಿ "ಇದೇನು ಆಗೂದs?" ಎಂದವರು ಕಡಿಮೆಯಿದ್ದಿರಲಾರರು. ಕೂತವರು ಕೂತೇ ಇದ್ದರು.

ಆಗದೆಂಬ ಮಾತು ನಿಜವಾದ ದಿನಗಳೂ ನರಗುಂದದಲ್ಲಿ ಉಂಟೆಂಬದನ್ನು ಮುಚ್ಚಿಡಲಾಗದು. 1858ರ ಮೇ ಕೊನೆಯಲ್ಲಿ ಅಲ್ಲಿಯ ಅರಸು ಬಾಬಾಸಾಹೇಬ ಭಾವೆಯು ಇಂಗ್ಲಿಷರ ಮೇಲೆ ಎದ್ದನು. ಕೆಲವೇ ದಿನಗಳಲ್ಲಿ ಊರೂ ಕೋಟೆಯೂ ಬಿದ್ದು, ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಂಥ ಕಾರ್ಯಕ್ಕೆ ಮುಂಚೆ ಒಬ್ಬ ಹಿತಚಿಂತಕನು ಅರಸನ ಬಳಿಗೆ ಹೋಗಿ, ಒಡೆಯಾ, ಸೈನ್ಯ ಸಾಲದು, ಮದ್ದು ಸಾಲದು, ನೆರವು ಬರಲಾರದು ಎಂದು ಏಕಾಂತದಲ್ಲಿ ಹೇಳಿದರೆ ಅವನನ್ನು ನಾವು ಈ ವಿದ್ಯೆಯವರ ಸಾಲಿಗೆ ಸೇರಿಸುವದಿಲ್ಲ. ಅವನು ಎಣಿಸಿ ಹೇಳಿದನು, ಕೇಳಬೇಕಾದವನಿಗೆ ಹೇಳಿದನು, ಇನ್ನೂ ತಿದ್ದಿಕೊಳ್ಳುವ ಹೊತ್ತಿರುವಾಗಲೇ ಹೇಳಿದನು. ಗಲ್ಲಾದ ಮರುದಿನ ಸಂತೆಯಲ್ಲಿ ನಿಂತು "ನನಗ ಗೊತ್ತಿತ್ತು" ಎಂದು ಮೀಸೆಯ ಮೇಲೆ ಕೈ ಹಾಕುವವನು ಬೇರೆ ಜಾತಿಯವನು.

ಗಜೇಂದ್ರಗಡದ ನೇಕಾರರ ಮನೆಗೆ ಹೋದವರು ಇದನ್ನು ಇನ್ನೂ ಚೆನ್ನಾಗಿ ತಿಳಿಯಬಹುದು. ಕುಣಿಮಗ್ಗದಲ್ಲಿ ಕೂತ ನೇಕಾರನು ದಿನವೆಲ್ಲಾ ಹುಡುಕುವದು ದೋಷವನ್ನೇ. ಸಾವಿರಾರು ಎಳೆಗಳ ಹಾಸಿನಲ್ಲಿ ಎಲ್ಲಿ ಒಂದು ಎಳೆ ಹರಿದಿದೆ, ಎಲ್ಲಿ ಸಡಿಲಾಗಿದೆ ಎಂದು ಅವನ ಕಣ್ಣು ಬಿಡದೆ ನೋಡುತ್ತಿರುವದು. ಚಲೋ ಇದ್ದ ಎಳೆಗಳನ್ನು ಅವನು ಹೊಗಳುತ್ತಾ ಕೂಡ್ರುವದಿಲ್ಲ. ನಮ್ಮ ಕಟ್ಟೆಯವನಿಗೂ ಅವನಿಗೂ ಕಣ್ಣಿನಲ್ಲಿ ಭೇದವಿಲ್ಲ, ಬೆರಳಿನಲ್ಲಿ ಭೇದವಿದೆ. ಎಳೆ ಹರಿದದ್ದನ್ನು ಕಂಡ ಕೂಡಲೆ ನೇಕಾರನು ಲಾಳಿಯನ್ನು ನಿಲ್ಲಿಸಿ ಗಂಟು ಹಾಕುತ್ತಾನೆ. ಕಟ್ಟೆಯವನನ್ನು ಆ ಕುಣಿಯಲ್ಲಿ ಕೂಡ್ರಿಸಿದರೆ, ಹರಿದ ಎಳೆಯನ್ನು ಬೀದಿಯವರಿಗೆಲ್ಲಾ ಕರೆದು ತೋರಿಸಿ ಸಾಯಂಕಾಲಕ್ಕೆ ಗೇಣುದ್ದ ಸೀರೆಯೂ ಇಲ್ಲದೆ ಮನೆಗೆ ಹೋಗುವನು.

ನಮ್ಮ ಶಿಷ್ಯರಿಗೆ ಕಲಿಸಬೇಕಾದದ್ದು ಇನ್ನೊಂದುಂಟು; ಅದು ಮನೆಯೊಳಗಿನದು. ಹೊರಗಿನವರ ಮೇಲೆ ಈ ವಿದ್ಯೆಯನ್ನು ಪ್ರಯೋಗಿಸಿದರೆ ಅವರು ಒಂದು ದಿನ ದಾರಿ ಬದಲಿಸಿಕೊಂಡು ಹೋದಾರು. ಮಕ್ಕಳಿಗೆ ಬೇರೆ ದಾರಿಯಿಲ್ಲ. "ನಿನ್ನ ಕೈಲೆ ಏನಾಗತೈತಿ?" ಎಂದು ಏಳು ವರುಷದ ಮಗುವಿಗೆ ದಿನಕ್ಕೊಂದು ಸಾರಿ ಹೇಳಿದರೆ ಹದಿನೇಳನೆಯ ವರುಷಕ್ಕೆ ಹೇಳಬೇಕಾಗಿಲ್ಲ, ಅದು ತಾನೇ ಹೇಳಿಕೊಳ್ಳುವದು. ಪರೀಕ್ಷೆಯ ಕೋಣೆಗೆ ಹೋಗುವಾಗ, ಬೇರೆ ಊರಿಗೆ ಕೆಲಸ ಹುಡುಕಲು ಬಸ್ಸು ಹತ್ತುವಾಗ, ಮದುವೆಯಾಗಿ ಬೇರೆ ಮನೆಯ ಹೊಸಲು ದಾಟುವಾಗ ಆ ಸ್ವರವೇ ಕಿವಿಯಲ್ಲಿ ಇರುವದು, ಹೇಳಿದವರು ಸತ್ತು ಎಷ್ಟು ವರುಷಗಳಾದರೂ. ಇದರ ಮೇಲೆ ಹಾಸ್ಯವಾಗಿ ಬರೆಯಬೇಕೆಂದು ಲೇಖಣಿ ಹಿಡಿದೆವು, ಬರೆಯಲಿಕ್ಕೆ ಆಗುವದಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಸೀಮೆಯಲ್ಲಿ ಬಾಯಿಂದ ಮಾತ್ರ ಆಗದು ಅನ್ನುವ ಒಂದು ಜನವಿದೆ. ಅವರನ್ನು ಮೇಲಿನವರ ಸಂಗಡ ಬೆರೆಸಬಾರದು. ಹೆಚ್ಚಾಗಿ ಮುದುಕರು, ಅದರಲ್ಲಿಯೂ ಮುದುಕಿಯರು. ಒಂದೆರಡು ಬರಗಳನ್ನು ಕಂಡವರು. ಮಣ್ಣಿನಲ್ಲಿ ಇಟ್ಟದ್ದು ಮಣ್ಣಾದದ್ದನ್ನು ನೋಡಿದವರು. ಸುಗ್ಗಿಗೆ ಮುಂಚೆ ಸುಗ್ಗಿಯ ಮಾತನ್ನು ಆಡಿದರೆ ಅದು ಒಡೆದುಹೋಗುವದೆಂದು ಅಂಜುವವರು. "ಯವ್ವಾ, ಈ ಸಲ ಜ್ವಾಳ ಹೆಂಗ ಅದಾವ?" ಎಂದು ಕೇಳಿರಿ. ತೆನೆಗಳು ಕಣ್ಣ ಮುಂದೆ ತೂಗುತ್ತಿದ್ದರೂ, "ಎಲ್ಲಿ ಜ್ವಾಳ ತಮ್ಮಾ, ಹೋದ್ವು, ಈ ವರ್ಷನೂ ಹೋದ್ವು" ಅನ್ನುವಳು. ಹಾಗೆನ್ನುತ್ತಲೇ ಮೊಮ್ಮಕ್ಕಳಿಗೆ ಸೀತನಿ ಸುಡುವದಕ್ಕೆ ಕುಳ್ಳು ಆರಿಸಿ ಇಟ್ಟಿರುವಳು. ಕೋಣೆಯ ಒಳಗೆ ಮುಂದಿನ ವರುಷದ ಬೀಜದ ಜೋಳವು ಬೂದಿ ಬೆರಸಿದ ಗಡಿಗೆಯಲ್ಲಿ, ಬಾಯಿಗೆ ಅರಿವೆ ಕಟ್ಟಿ, ನೆಲುವಿನ ಮೇಲೆ ಇರುವದು. ಈ ವರುಷ ಎಷ್ಟೇ 'ಹೋದರೂ', ಮನೆಯಲ್ಲಿ ಹಿಟ್ಟು ತೀರಿದ ದಿನವೂ, ಅವಳು ಆ ಗಡಿಗೆಯ ಬಾಯಿ ಬಿಚ್ಚುವವಳಲ್ಲ.